ಜಗುಲಿಗೆ ಎಳೆದ ಕೆಂಪು ಗೆರೆ

ಬಿನ್ ಮಹಮೂದ್, ದೋಹಾ
ಶುಕ್ರವಾರ, 17-1-2025

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ಅಮ್ಮ ಹಚ್ಚುವ ಎಣ್ಣೆಯಿಂದ ಕಡಿಮೆಯಾಗಿದೆ ಎಂದು ಫೋನಿನಲ್ಲಿ ಹೇಳಿದಿರಿ. ಹಿಂದಿನಿಂದ ಅಮ್ಮ ‘ಸುಳ್ಳು’ ಎಂದದ್ದು ನನಗೂ ಕೇಳಿಸಿತು. ಬೆಳಿಗ್ಗೆ ಅಂಗಡಿಯ ಹಲಗೆ ಬಾಗಿಲುಗಳನ್ನು ಒಬ್ಬರೇ ಎತ್ತಬೇಡಿ. ನಾನೂ ನಿಮ್ಮ ಅಳಿಯನೂ ಚೆನ್ನಾಗಿದ್ದೇವೆ. ಇಲ್ಲೀಗ ಸಂಜೆಗೆ ಸ್ವೆಟರ್ ಬೇಕು, ಅಮ್ಮ ನಂಬುವುದಿಲ್ಲ. ಫೋನಿದ್ದೂ ಕಾಗದವೇಕೆ ಎನ್ನುತ್ತೀರಿ. ಫೋನಿನಲ್ಲಿ ನೀವು ‘ಊಟ ಆಯ್ತಾ? ತೊಗೋ, ಅಮ್ಮನ್ ಹತ್ರ ಮಾತಾಡು’ ಎಂದು ಕೊಟ್ಟುಬಿಡುತ್ತೀರಿ. ನಾನು ಹೇಳಬೇಕಾದದ್ದು ಅಷ್ಟರಲ್ಲಿ ಮುಗಿಯುವುದಿಲ್ಲ.

ನಮ್ಮ ಅಂಗಡಿ ಬೀದಿಯ ನಕ್ಷೆಯ ವಿಷಯ. ಬೈಪಾಸ್ ಆದಮೇಲೆ ಬೀದಿಗೆ ಗಿರಾಕಿಗಳೇ ಇಲ್ಲ, ನೀನು ಆರ್ಕಿಟೆಕ್ಟ್ ಅಲ್ಲವೇ, ಒಂದಿಷ್ಟು ಕಳೆ ಬರುವ ಹಾಗೆ ಏನಾದರೂ ಬರೆದುಕೊಡು ಎಂದು ವರ್ತಕರ ಸಂಘದ ರಾಮಸ್ವಾಮಿ ಮಾವ ಕೇಳಿದಾಗ ನಾನು ಉಬ್ಬಿಹೋದೆ. ನನ್ನ ಆಫೀಸು ಮುಶೈರಿಬ್‌ನಲ್ಲಿದೆಯಲ್ಲ, ಹಳೆಯ ಪೇಟೆಯನ್ನು ಕೆಡವಿ ಹೊಸದಾಗಿ ಕಟ್ಟಿದ ಜಾಗ. ನೆರಳಿನ ಓಣಿಗಳು, ಟ್ರ್ಯಾಮು, ಕಲ್ಲುಬೆಂಚುಗಳು. ಚೆನ್ನಾಗಿದೆ, ಇಲ್ಲವೆನ್ನಲಾರೆ. ಅದನ್ನೇ ನೋಡುತ್ತ ಕೂತು ನಮ್ಮ ಬೀದಿಗೂ ನೇರ ಫುಟ್‌ಪಾತು, ಎಂಟು ಬೆಂಚು ಬರೆದೆ. ಅಡ್ಡ ಬಂದ ಜಗುಲಿಗಳಿಗೆಲ್ಲ ಕೆಂಪು ಗೆರೆ ಎಳೆದು ‘ಒತ್ತುವರಿ’ ಎಂದು ಗುರುತು ಹಾಕಿದೆ. ನಮ್ಮ ಗ್ರಂಧಿಗೆ ಅಂಗಡಿಯ ಜಗುಲಿಗೂ ಹಾಕಿದೆ. ರಾಮಸ್ವಾಮಿ ಮಾವ ಅದನ್ನು ಹಿಡಿದು ಅಂಗಡಿ ಅಂಗಡಿ ಸುತ್ತುತ್ತಿದ್ದಾರಂತೆ. ಅವರಿಗೆ ನಕ್ಷೆಗಿಂತ ಅದರ ಪಕ್ಕ ನಿಂತು ತೆಗೆಸಿಕೊಂಡ ಫೋಟೋ ಮುಖ್ಯ, ಬಿಡಿ.

ಮೊನ್ನೆ ನಮ್ಮ ಮನೆಯ ಹಿಂದಿನ ಟೈಲರ್ ಮುಸ್ತಫಾ ಅವರ ಹತ್ತಿರ ಪರದೆ ಹೊಲಿಸಲು ಹೋಗಿದ್ದೆ. ಉಪ್ಪಿನಂಗಡಿಯವರು. ಹಳೆಯ ಮುಶೈರಿಬ್‌ನಲ್ಲಿ ಹದಿನೆಂಟು ವರ್ಷ ಅಂಗಡಿ ಇಟ್ಟಿದ್ದು, ಅದು ಹೋದಮೇಲೆ ಇಲ್ಲಿಗೆ ಬಂದವರು. ಪ್ರತಿ ಶುಕ್ರವಾರ ನಮಾಜು ಮುಗಿಸಿ, ಇಂಡಸ್ಟ್ರಿಯಲ್ ಏರಿಯಾದಿಂದ ಬಸ್ಸು ಹಿಡಿದು ಬಂದು ಅವರ ಮೆಟ್ಟಿಲ ಮೇಲೆ ಕೂರುವವರಿದ್ದಾರೆ. ಹೊಲಿಸುವುದು ಏನೂ ಇರುವುದಿಲ್ಲ. ಆದರೆ ಅವರಲ್ಲೊಬ್ಬ ಊರಿಗೆ ಹೊರಟರೆ ಪ್ಯಾಂಟು ಷರಟು ಎಲ್ಲ ಹೊಲಿಸುವುದು ಮುಸ್ತಫಾ ಅವರಲ್ಲೇ. ನಾನು ಜಂಬದಿಂದ ನನ್ನ ನಕ್ಷೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, ‘ಬೆಂಚು ಒಳ್ಳೇದುಂಟು ಮೇಡಂ. ಆದ್ರೆ ಅಲ್ಲಿ ಹೋಗಿ ಕೂತ್ರೆ, ಯಾವಾಗ ಬಂದದ್ದು, ಚಾ ಆಯ್ತಾ ಅಂತ ಕೇಳ್ಲಿಕ್ಕೆ ಯಾರುಂಟು?’ ಎಂದರು.

ಆ ಮಾತು ಕೇಳಿದ್ದೇ ತಡ ಅಪ್ಪಾ, ನಮ್ಮ ಜಗುಲಿಯ ಕಲ್ಲಿನಲ್ಲಿ ತಾತ ಕೊರೆಸಿದ ಚೌಕಾಬಾರದ ಮನೆಗಳು ಕಣ್ಣಮುಂದೆ ಬಂದವು. ಸಂತೆಗೆ ಬಂದವರು ಆಡಲು ಕೂತು, ಏಳುವಾಗ ಅರಿಶಿನವನ್ನೋ ಅಳಲೆಕಾಯನ್ನೋ ಕಟ್ಟಿಸಿಕೊಂಡು ಹೋಗುತ್ತಿದ್ದರು. ನಾನು ಮಗ್ಗಿ ಕಲಿತದ್ದೂ ಅಲ್ಲೇ, ತಪ್ಪಿದರೆ ಗಿರಾಕಿಗಳೇ ತಿದ್ದುತ್ತಿದ್ದರು. ಬೀದಿಯಲ್ಲಿ ಇನ್ನೂ ಉಳಿದಿರುವ ವ್ಯಾಪಾರ ಆ ಜಗುಲಿಗಳಿಂದಲೇ. ಅದನ್ನೇ ಒತ್ತುವರಿ ಎಂದು ಬರೆದೆನಲ್ಲ! ತುಂಬ ನಾಚಿಕೆಯಾಯಿತು.

ನಿನ್ನೆ ಅಮ್ಮ ಹೇಳಿದ್ದು ಕೇಳಿ ಅಳುವೇ ಬಂತು. ಜಗುಲಿ ಒಡೆಯುವ ಒಪ್ಪಿಗೆ ಪತ್ರಕ್ಕೆ ಮೊದಲ ಸಹಿ ನಿಮ್ಮದಂತೆ. ‘ಮಗಳು ಬರೆದಿರೋದು, ಸರಿಯಾಗೇ ಇರುತ್ತೆ’ ಎಂದಿರಂತೆ. ಆಮೇಲೆ ಚೌಕಾಬಾರದ ಕಲ್ಲನ್ನು ಒಡೆಯದೆ ತೆಗೆಯಲು ಆಗುತ್ತದೆಯೇ ಎಂದು ಗಾರೆ ಕೆಲಸದವರನ್ನು ಮೆಲ್ಲಗೆ ವಿಚಾರಿಸಿದಿರಂತೆ. ನನಗೆ ಒಂದು ಮಾತು ಬೈದಿದ್ದರೆ ಆಗುತ್ತಿತ್ತು.

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಇಲ್ಲಿಂದಲೇ ನಿಮ್ಮ ಕಾಲು ಮುಟ್ಟಿದ್ದೇನೆ, ಮಂಡಿಗೆ ಎಣ್ಣೆಯನ್ನೂ ತಿಕ್ಕಿದೆ ಎಂದುಕೊಳ್ಳಿ.

ನಿಮ್ಮ
ಗಾನವಿ

ವಿ.ಸೂ.: ಊರಿಗೆ ಹೊರಟಿರುವ ನಮ್ಮ ಆಫೀಸಿನ ಸಂತೋಷ್ ಈ ಕಾಗದವನ್ನು ಸೋಮವಾರ ಅಂಗಡಿಗೇ ತಂದುಕೊಡುತ್ತಾರೆ, ಕೆಳಗೆ ‘ಯಲ್ಲಾ ಯಲ್ಲಾ, ಬೇಗ ಬನ್ನಿ’ ಎಂದು ಹಾರ್ನ್ ಹೊಡೆಯುತ್ತಿದ್ದಾರೆ. ಬುಧವಾರ ನಗರಸಭೆಯಲ್ಲಿ ಈ ನಕ್ಷೆಯ ಮೀಟಿಂಗು. ನಕ್ಷೆ ತಪ್ಪಾಗಿದೆ, ಬೇಡ ಎಂದು ರಾಮಸ್ವಾಮಿ ಮಾವನಿಗೆ ಬೆಳಿಗ್ಗೆ ಹೇಳಿದರೆ, ‘ನಿಮ್ಮಪ್ಪನೇ ಸಹಿ ಹಾಕಿದಾರೆ, ನಿಂದೇನಮ್ಮ’ ಎಂದುಬಿಟ್ಟರು. ಆ ಸಹಿಯನ್ನು ನೀವು ವಾಪಸು ತೆಗೆದುಕೊಳ್ಳಬೇಕು. ಮಗಳ ಮರ್ಯಾದೆ ಹೋಗುತ್ತದೆಂದು ನೋಡಬೇಡಿ. ಮಗಳು ತಪ್ಪು ಬರೆದಳು ಎಂದು ಎಲ್ಲರೆದುರಿಗೆ ಹೇಳಿ. ಹೇಳಲು ಬಾಯಿ ಬರದಿದ್ದರೆ ಈ ಕಾಗದವನ್ನೇ ಓದಿಬಿಡಿ, ರಾಮಸ್ವಾಮಿ ಮಾವನ ಫೋಟೋದ ಸಾಲೊಂದನ್ನು ಬಿಟ್ಟು.