ಜಾಗ ಮಾಡಿಕೊಂಡ ದಿನ

೨೧ ನವೆಂಬರ್, ಶುಕ್ರವಾರ

ಕೈಯಾರೆ ಕಳೆದುಕೊಂಡೆ. ಕ್ಲೌಡ್‌ನಲ್ಲಿ ಹೇಗೂ ಇದೆಯಲ್ಲ ಎಂಬ ಧೈರ್ಯದಲ್ಲಿ ಬೆಳಿಗ್ಗೆ ಸ್ಟುಡಿಯೋ ಕಂಪ್ಯೂಟರಿನಿಂದ, ಹೋದ ತಿಂಗಳು ನಾನೇ ತೆಗೆದ ಒಂದು ಮದುವೆಯ ಫೋಟೋಗಳನ್ನೆಲ್ಲ ಅಳಿಸಿದೆ. ಕ್ಲೌಡ್‌ನ ಕಸದ ಬುಟ್ಟಿ ತುಂಬಿದೆ ಎಂದು ಬಂತು. ಅದನ್ನೂ ಖಾಲಿ ಮಾಡಿದೆ.

ಆಗಲೇ ಅಕ್ಕನ ಫೋನು. ತನ್ನ ಮನೆಯಲ್ಲೇ ಕೂತು, ಅದೇ ಕ್ಲೌಡ್‌ನಲ್ಲಿರುವ ಫೋಟೋಗಳಿಂದ ಆಲ್ಬಮ್ ಜೋಡಿಸುವವಳು ಅವಳು.

"ಕಣ್ಣೆದುರೇ ಒಂದೊಂದೇ ಮಾಯ ಆಗ್ತಿವೆ ಕಣೋ. ಏನ್ ಮಾಡ್ತಿದೀಯ?"

"ಏನಿಲ್ಲ, ಜಾಗ ಮಾಡ್ಕೊಳ್ತಿದೀನಿ."

ಹೇಳುತ್ತಿದ್ದಂತೆಯೇ ಹೊಳೆಯಿತು. ಇಲ್ಲಿ ಅಳಿಸಿದ್ದು ಕ್ಲೌಡ್‌ನಲ್ಲೂ ಅಳಿಯುತ್ತದೆ. ಹಾಗೆ ಸೆಟ್ ಮಾಡಿದವನೂ ನಾನೇ.

ಬುಟ್ಟಿ ಖಾಲಿಯಾದ ಮೇಲೆ ಏನೂ ವಾಪಸ್ ಬರುವುದಿಲ್ಲವೆಂದು ಕ್ಲೌಡ್ ಕಂಪನಿಯವರು ಹೇಳಿಬಿಟ್ಟರು. ಕ್ಯಾಮೆರಾ ಕಾರ್ಡಿನ ಮೇಲೆ ಆಗಲೇ ಬೇರೆ ಮದುವೆಗಳು ಕೂತಿವೆ. ಅದನ್ನೂ ಕೆದಕಿ ನೋಡಿದೆ, ಸಿಕ್ಕಿದ್ದು ಬರೀ ಬೂದು ಚೌಕಗಳು.

ಊಟಕ್ಕೆ ಕೂತಾಗ ಅದೇ ಮದುವೆಯ ಮದುಮಗಳ ಫೋನು. ಅವಳ ಅಪ್ಪ ಹೋದ ವಾರ ತೀರಿಕೊಂಡರಂತೆ. "ಅಪ್ಪ ನಗ್ತಿರೋ ಫೋಟೋ ಅಂದ್ರೆ ನೀವು ತೆಗೆದಿದ್ದೊಂದೇ. ಅವಸರ ಏನಿಲ್ಲ, ನಿಮ್ಮ ಹತ್ರ ಇದ್ರೆ ಭದ್ರವಾಗಿರುತ್ತೆ."

ಹೂಂ ಎಂದೆ.

ಆ ನಗು ನನಗೆ ಚೆನ್ನಾಗಿ ನೆನಪಿದೆ. ಎಡಗಡೆ ಒಂದು ಹಲ್ಲು ಇರಲಿಲ್ಲ, ಅದಕ್ಕೇ ನಾಚಿಕೆ. ಬಾಯಿ ಮುಚ್ಚಿಕೊಳ್ಳಲು ಅವರು ಕೈ ಎತ್ತುವ ಮೊದಲೇ ನಾನು ಕ್ಲಿಕ್ಕಿಸಿದ್ದೆ. ಈಗ ನೋಡಬೇಕೆಂದರೆ ಕಣ್ಣು ಮುಚ್ಚಿಕೊಳ್ಳಬೇಕು. ಅದನ್ನು ಅವಳಿಗೆ ಹೇಗೆ ಕಳಿಸಲಿ?