ಅಕ್ಕ ಕೂರದ ಸೋಫಾ

ಜನವರಿ ೯, ಶುಕ್ರವಾರ, ಬೆಳಿಗ್ಗೆ

ಮತ್ತೆ ಬ್ರಷ್ ಹಿಡಿದು ಕೂತೆ. ಕೆನೆ ಬಣ್ಣದ ಮೈಕ್ರೋಫೈಬರ್ ಸೋಫಾ, ಆರು ಕುಶನ್. ಬಂದು ಹತ್ತು ದಿನ. ರಾಣೆಬೆನ್ನೂರಿನ ಧೂಳಿಗೆ ಹೇಳಿ ಮಾಡಿಸಿದ್ದಲ್ಲ. ನೀರು ಬಿದ್ದರೆ ಕಲೆ ಉಳಿಯುತ್ತದಂತೆ. ಸ್ಪಿರಿಟ್ ಸಿಂಪಡಿಸಿ ಒರೆಸಬೇಕು, ಒಣಗಿದ ಮೇಲೆ ಮೆತ್ತನೆ ಬ್ರಷ್. ಗಂಡ ಹುಲಿಗೇಶ ನಗುತ್ತಾರೆ — “ಹೆತ್ತ ಕೂಸಿಗೂ ಇಷ್ಟ ಮಾಡಿದ್ದಿಲ್ಲ ನೀ.” ಇವರಿಗೇನು ಗೊತ್ತು. ನಲವತ್ತಾರು ವರ್ಷಕ್ಕೆ ನನ್ನ ಮೊದಲ ಸೋಫಾ.

ಭಾನುವಾರ ಬ್ಯಾಡಗಿಯಿಂದ ಹೊಳಿಯವ್ವಕ್ಕ ಬರುತ್ತಾಳೆ, ಸೋಫಾ ನೋಡೋಕೆ. ಅಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ ಅವಳದು. ಸೀಸನ್ ಬೇರೆ. ಬೆರಳೆಲ್ಲ ಕೆಂಪು...

ಜನವರಿ ೧೧, ಭಾನುವಾರ, ಸಂಜೆ ೬

ಅಕ್ಕ ಬಂದು ಹೋದಳು. ಅವಳು ಒಳಗೆ ಕಾಲಿಟ್ಟಾಗ ನಾನು ಸೋಫಾ ಮೇಲೆ ಹಳೆ ಚಾದರ ಎಳೆಯುತ್ತಿದ್ದೆ. ನೋಡಿದಳು. “ನೆಲಾ ತಣ್ಣಗ ಐತಿ ಬಿಡವಾ” ಅಂತ ಕೆಳಗೇ ಕೂತಳು. ಮೇಲೆ ಕೂಡು ಅಂತ ಒಂದು ಸಲ ಅಂದೆ. ಎರಡನೇ ಸಲ ಅನ್ನಲಿಲ್ಲ.

ಮಂಡಿನೋವು ಅವಳಿಗೆ. ಏಳುವಾಗ, ಚಾದರ ಸರಿದಿದ್ದಲ್ಲಿ, ಬಲಗಡೆ ಕುಶನ್ ಮೇಲೆ ಕೈ ಊರಿದಳು. ಬಸ್ ಹತ್ತಿಸಿ ಬಂದವಳೇ ಸ್ಪಿರಿಟ್ ಸಿಂಪಡಿಸಿ, ಕೈಗೆ ಸಿಕ್ಕ ಕೆಂಪು ಬ್ಲೌಸ್‌ಪೀಸಿನಿಂದ ಅಲ್ಲಿ ತಿಕ್ಕಿದೆ. ಒಣಗಿದ ಮೇಲೆ ನೋಡಿದರೆ ಕೆಂಪು ಕಲೆ. ಅಂಗೈ ಅಗಲ!

ಜನವರಿ ೧೨, ಸೋಮವಾರ

ತಡೆಯಲಾಗಲಿಲ್ಲ. ಫೋನ್ ಮಾಡಿದೆ. “ಅಕ್ಕಾ, ಕೈ ತೊಕ್ಕೊಂಡಾರ ಬರಬಾರದೇನ? ಹೊಸಾ ಕುಶನ್ ಹಾಳಾತು.”

ಅಕ್ಕ ಅಂದಳು — “ಹೌದೇನ? ನನ್ನ ಕೈಯಿಂದನ ಆಗಿರಬೇಕ ಬಿಡ ತಂಗಿ. ಸಿಟ್ಟಾಗಬ್ಯಾಡ.”

ಜನವರಿ ೧೭, ಶನಿವಾರ

ಸೋಫಾ ಅಂಗಡಿಯ ನಬಿಸಾಬರನ್ನು ಕರೆಸಿದೆ. ಕುಶನ್ ಮೂಸಿ ನೋಡಿದರು. “ಘಾಟ ಇಲ್ರಿ ಇದಕ್ಕ. ಮೆಣಸಿನಕಾಯಿ ಅಲ್ರಿ ಅಕ್ಕಾರ. ಯಾವ ಅರಬಿಲೇ ಒರೆಸೀರಿ?”

ಬ್ಲೌಸ್‌ಪೀಸ್ ತಂದೆ. ಹತ್ತಿಗೆ ಸ್ಪಿರಿಟ್ ಹಾಕಿ ಅದರ ಮೇಲೆ ಒತ್ತಿದರು. ಹತ್ತಿ ಕೆಂಪಾಯಿತು. “ಸ್ಪಿರಿಟ್ ಬಣ್ಣ ಬಿಡಸತೈತ್ರಿ. ಬಿಳೇ ಅರಬೀನ ಬೇಕ್ರಿ.”

ಅವರಿಗೆ ಚಹಾ ಕೊಡೋದನ್ನೂ ಮರೆತೆ. ಅಕ್ಕನ ಕೈಯಲ್ಲಿ ಏನೂ ಇರಲಿಲ್ಲ. ನಾನು ಒರೆಸದಿದ್ದರೆ ಕಲೆಯೇ ಆಗುತ್ತಿರಲಿಲ್ಲ. ಅವ್ವ ಹೋದ ಮೇಲೆ ನನ್ನ ತಲೆ ಬಾಚಿ, ಉಣಿಸಿ, ಸಾಲಿಗೆ ಕಳಿಸಿದ ಕೈ ಅದು.

ಫೆಬ್ರುವರಿ ೮, ಭಾನುವಾರ

ಮೂರು ವಾರ ಏನೂ ಬರೆದಿಲ್ಲ. ಫೋನ್ ಎತ್ತೋದು, ಇಡೋದು. ಇವತ್ತು ಬ್ಯಾಡಗಿಗೇ ಹೋದೆ.

ಅಕ್ಕ ಗಡಬಡಿಸಿ ಟ್ರಂಕಿನಿಂದ ಕೌದಿ ತೆಗೆದು ಹೊರಸಿನ ಮೇಲೆ ಹಾಸಿದಳು. ಅವ್ವನ ಸೀರೆಗಳಿಂದ ಹೊಲಿದ ಕೌದಿ, ಯಾರಿಗೂ ಹಾಸದ್ದು. “ಕುಂದರವಾ. ನಿನ್ನ ಸೀರಿಗೆ ಘಾಟ ಹತ್ತೀತು.”

ಅದರ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ.

“ಗೊತ್ತಿತ್ತವಾ. ಅವತ್ತ ಎಣ್ಣಿ ಹಚ್ಚಿ, ಮೂರ ಸಲ ಸಾಬಾಣಲೇ ಕೈ ತೊಕ್ಕೊಂಡ ಬಂದಿದ್ದೆ.”

“ಮತ್ಯಾಕ ನಂದ ತಪ್ಪ ಅಂತ ಒಪ್ಪಿಕೊಂಡಿ?”

“ಹೊಸಾ ಸಾಮಾನು. ಎಷ್ಟ ಸಂಕಟ ಆಗಿತ್ತೋ ನಿನಗ.”

ಅಳು ತಡೆಯಲಿಲ್ಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಫೆಬ್ರುವರಿ ೨೨, ಭಾನುವಾರ, ಮಧ್ಯಾಹ್ನ ೨

ಅಕ್ಕನನ್ನು ಊಟಕ್ಕೆ ಕರೆದಿದ್ದೆ. ಬೆಳಿಗ್ಗೆಯೇ ಚಾದರ ತೆಗೆದು ಅಟ್ಟಕ್ಕೆ ಹಾಕಿದೆ. ಕಲೆಯ ಕುಶನ್ ತಿರುವಿ ಹಾಕು ಅಂದರು ಇವರು. ಹಾಕಲಿಲ್ಲ. ಇರಲಿ, ನನ್ನ ಕಣ್ಣಿಗೇ ಬೀಳಲಿ.

ಬಂದಳು. ಕೈ ಹಿಡಿದು ಸೋಫಾ ಹತ್ತಿರ ಕರೆತಂದೆ. ನಿಂತಳು. ಚೀಲದಿಂದ ಒಂದು ಬಿಳಿ ಟವೆಲ್ ತೆಗೆದಳು, ಒಗೆದು ಮಡಚಿದ್ದು. ಕುಶನ್ ಮೇಲೆ ಹಾಸಿಕೊಂಡು ಅಂಚಿನಲ್ಲಿ ಕೂತಳು.

“ತಗಿ ಅಕ್ಕಾ ಅದನ್ನ.”

“ಇರ್ಲಿ ಬಿಡ ತಂಗಿ. ಹಿಂಗ ಆರಾಮ ಕುಂತೇನಿ.”

ಚಹಾ ಇಡುವ ನೆಪ ಮಾಡಿ ಅಡುಗೆಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಬಾಗಿಲಿಂದ ಕಾಣುತ್ತಾಳೆ. ಎರಡೂ ಕೈ ತೊಡೆ ಮೇಲೆ ಇಟ್ಟುಕೊಂಡಿದ್ದಾಳೆ, ಯಾವುದಕ್ಕೂ ತಾಗದ ಹಾಗೆ... ಪಕ್ಕದ ಕುಶನ್ ತೋರಿಸಿ ನನ್ನನ್ನೇ ಕರೆಯುತ್ತಿದ್ದಾಳೆ — “ಚಹಾ ಸಾಕ, ನೀನೂ ಬಂದ ಕುಂದರವಾ.” ಯಾವ ಮುಖ ಇಟ್ಟುಕೊಂಡು—