ಖಾಲಿ ಮಾಡ್ರೋ

ಲೈತುಮ್‌ಖ್ರಾ, ಷಿಲ್ಲಾಂಗ್
ಗುರುವಾರ

ಮನೆಯೊಡತಿ ಕಾಂಗ್ ಸಿಲ್ಬಿಯವರಿಗೆ,

ಕೆಳಮನೆಯ ಬಾಂಜೊಪ್ ಮಾಡುವ ನಮಸ್ಕಾರಗಳು. ಸೋಮವಾರ ನೀವು ನಮ್ಮ ಕಿಟಕಿಗೆ ಬಂದು ಬೈದು, ಕೊಟ್ಟ ಎಲೆ-ಅಡಿಕೆಯನ್ನೂ ಮುಟ್ಟದೆ ಹೋದಿರಿ. ಅದರ ಬಗ್ಗೆಯೇ ಈ ಪತ್ರ.

ಆಗ ನಾವು ನಮ್ಮ ಮೊದಲ ರಾಕ್ ಹಾಡನ್ನು ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡುತ್ತಿದ್ದೆವು. ಕೋಣೆ ಗುಂಯ್‌ಗುಡದಿರಲೆಂದು ನೀವು ಹೊದೆಯಲು ಕೊಟ್ಟಿದ್ದ ಮೂರೂ ರಜಾಯಿಗಳನ್ನು ಗೋಡೆಗೆ ಹೊಡೆದಿದ್ದೇವೆ. ಮೊಳೆಗಳು ತೀರಾ ಚಿಕ್ಕವು. ನಿನ್ನೆ ಹಾಕಿ ಕೇಳಿದರೆ ಗಿಟಾರು ಬಾವಿಯೊಳಗಿಂದ ಬಂದಂತಿತ್ತು. ಗಿಟಾರಿನಿಂದ ಕಂಪ್ಯೂಟರಿಗೆ ವೈರು ಚುಚ್ಚಿದ್ದೇನೋ ನಿಜ, ಆದರೆ ಅದರಿಂದಲೇ ಕೇಳಿಸಿಕೋ ಎಂದು ಹೇಳುವ ಗುಂಡಿ ಒತ್ತಲು ನಾನು ಮರೆತಿದ್ದೆ. ಕಂಪ್ಯೂಟರು ತನ್ನೊಳಗಿನ ಪುಟ್ಟ ಮೈಕಿನಿಂದಲೇ ಎಲ್ಲವನ್ನೂ ಕೇಳಿಸಿಕೊಂಡಿದೆ. ಅದು ಇದ್ದದ್ದು ಕಿಟಕಿಯ ಪಕ್ಕ. ಹಾಗಾಗಿ ಸ್ಪಷ್ಟವಾಗಿ ಕೇಳಿಸಿದ್ದು ನಿಮ್ಮ ದನಿಯೊಂದೇ:

"ನಿಮ್ಮ ಗಲಾಟೆಗೆ ನನ್ನ ಕೋಳಿ ಮೊಟ್ಟೆ ಇಡೋದೇ ಬಿಟ್ಟಿದೆ! ಖಾಲಿ ಮಾಡ್ರೋ, ಖಾಲಿ ಮಾಡ್ರೋ!"

ಕಾಂಗ್, ನನ್ನಕ್ಕಾ, ತಾಳ ಕೂದಲೆಳೆಯಷ್ಟೂ ತಪ್ಪಿಲ್ಲ. ಡ್ರಮ್ ಬಾರಿಸುವ ಕಿಟ್‌ಬೋಕ್ ಎದ್ದು ಕುಣಿದುಬಿಟ್ಟ. "ಲೋ, ನಮ್ಮ ಹಾಡಿಗೆ ಕಮ್ಮಿಯಾಗಿದ್ದೇ ಇದು ಕಣೋ!" ಎಂದ. ತಾನೂ ಹಾಗೆ ಕೂಗಿ ನೋಡಿದ. ಬೆಕ್ಕಿನ ಮರಿ ಕೂಗಿದಂತಿತ್ತು.

ಈಗ ಗುಂಡಿ ಒತ್ತಿದ್ದೇವೆ. ಹಾಡನ್ನು ಮೊದಲಿನಿಂದ ರೆಕಾರ್ಡ್ ಮಾಡಬೇಕು. ಶನಿವಾರ ಮಧ್ಯಾಹ್ನ ಮೂರಕ್ಕೆ ದಯವಿಟ್ಟು ಬಂದು ಇನ್ನೊಮ್ಮೆ ಬೈಯಿರಿ. ಕಿಟಕಿಯ ಹೊರಗೆ ನಿಂತಲ್ಲ, ಒಳಗೆ ಬಂದು. ಎಲೆ-ಅಡಿಕೆ ಸಿದ್ಧವಿರುತ್ತದೆ, ಬೈದು ಮುಗಿಸಿ ಹಾಕಿಕೊಳ್ಳಿ. ಮನೆ ಖಾಲಿ ಮಾಡುವ ವಿಚಾರ ಹಾಡು ಮುಗಿದ ಮೇಲೆ ಮಾತಾಡೋಣ.

ಅಲ್ಲಿಯವರೆಗೆ ನಮ್ಮ ಮೇಲಿನ ಸಿಟ್ಟು ಇಳಿಯದಂತೆ ನೋಡಿಕೊಳ್ಳಿ. ಇಳಿಯುವ ಹಾಗೆ ಕಂಡರೆ ಇದನ್ನು ನೆನೆಸಿಕೊಳ್ಳಿ: ರಜಾಯಿಗೆ ಹೊಡೆದ ಮೊಳೆಗಳು ನಿಜಕ್ಕೂ ಅಷ್ಟು ಚಿಕ್ಕವಲ್ಲ.

ಖುಬ್ಲೆಯ್,
ನಿಮ್ಮ ಬಾಂಜೊಪ್